ಹಿನ್ನೀರಿನಲ್ಲಿ ಇಲ್ಲದ ನೆಲ

ಉಪಗ್ರಹದ ಚಿತ್ರ ನೋಡಿ ಕಡಲತೀರದ ಅಂಚು ಗುರುತಿಸುವ ಪ್ರೋಗ್ರಾಂ ಬರೆದಿದ್ದೆ, ಕೆಲಸಕ್ಕೆ ಸೇರಿದ ಹೊಸತು. ಅದನ್ನು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲೂ ಪರೀಕ್ಷಿಸಲು ಹೋದೆ. ತೆಪ್ಪ ನಡೆಸುತ್ತಿದ್ದ ಮೀನುಗಾರ್ತಿ ಸಾಕಮ್ಮನಿಗೆ ನಕ್ಷೆ ತೋರಿಸಿ, "ಇಲ್ಲಿ ನೆಲ ಇದೆ, ಇಳಿಯೋಣ" ಎಂದೆ, ಜಂಬದಿಂದಲೇ.

"ನೆಲ ಎಲ್ಲೈತೆ ಸಾ? ಅಂತರಗಂಗೆ ಅದು. ಇಳುದ್ರೆ ಮುಳುಗೋಯ್ತೀರ," ಎಂದು ಆಕೆ ಆ ಹಸಿರಿನೊಳಗೆ ಹುಟ್ಟುಗೋಲು ಚುಚ್ಚಿದಳು. ಅದು ಹಿಡಿಯವರೆಗೂ ಇಳಿಯಿತು.

ಕರಾವಳಿಯ ಉಪ್ಪುನೀರಿನ ಕೆಸರಲ್ಲಿ ಬೇರೂರುವ ಕಾಂಡ್ಲಾ ಗಿಡ ನೋಡಿ ಕಲಿತ ನನ್ನ ಪ್ರೋಗ್ರಾಂಗೆ ತೇಲುವ ಕಳೆಯೇ ಗೊತ್ತಿರಲಿಲ್ಲ. ಸಂಜೆಯವರೆಗೂ ಸಾಕಮ್ಮ ಹುಟ್ಟುಗೋಲು ಚುಚ್ಚಿ ಎಲ್ಲಿ ನೆಲ, ಎಲ್ಲಿ ಕಳೆ ಎಂದು ಹೇಳಿದಳು, ನಾನು ಗುರುತು ಹಾಕಿಕೊಂಡೆ. ಆ ಗುರುತುಗಳಿಂದ ಕಲಿತ ಪ್ರೋಗ್ರಾಂ ಈಗ ಕಳೆಗೆ ಮೋಸಹೋಗುವುದಿಲ್ಲ.

ವರದಿಯಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ಹೆಮ್ಮೆಯಿಂದ ಆಕೆಯ ಹೆಸರು ಬರೆದೆ.

"ಇವರ ಅರ್ಹತೆ ಏನಪ್ಪಾ?" ಎಂದರು ಮೇಲಧಿಕಾರಿ.

"ನಾನಿನ್ನೂ ಬದುಕಿದ್ದೀನಲ್ಲ ಸಾರ್," ಎಂದೆ.