ಡಬ್ಬದಕ್ಕ ಒಳಗೆ ಹೋಗಿ ಬಂದ ಮೇಲೆ

ಆಗತಾನೆ ಬೆಳಕು ಹರಿದಿದೆ. ಬಿಸಿಲು ಇನ್ನೂ ನೆಲ ಮುಟ್ಟಿಲ್ಲ, ಗೋದಾಮಿನ ಅಂಗಳದಲ್ಲಿ ನಿಂತ ನೀಲಿ ಕಂಟೇನರಿನ ಒಂದು ಪಕ್ಕಕ್ಕೆ ಮಾತ್ರ ಅಡ್ಡವಾಗಿ ಬೀಳುತ್ತಿದೆ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಅದರ ಬಾಗಿಲ ಬಳಿ ಚಪ್ಪಲಿ ಬಿಟ್ಟು, ತೋಳು ಮಡಚಿ, ಬರಿಗಾಲಲ್ಲಿ ಒಳಗೆ ಹತ್ತುತ್ತಾರೆ. ಹಿಂದೆಯೇ ಹತ್ತಲು ಹೋದ ನನ್ನನ್ನು ಕೈ ಅಡ್ಡ ಇಟ್ಟು ತಡೆಯುತ್ತಾರೆ.

"ನೀವು ಹೊರಗೇ ಇರಿ. ಕಾಫಿ ಕುಡಿದು ಬಂದಿದೀರ."

ಕುಡಿದು ಬಹಳ ಹೊತ್ತಾಗಿತ್ತು, ಬಾಯಿ ಬೇರೆ ಮುಕ್ಕಳಿಸಿದ್ದೆ. ಸಿಕ್ಕಿಬಿದ್ದ ಕಳ್ಳನ ಹಾಗೆ ಹಿಂದೆ ಸರಿಯುತ್ತೇನೆ. ಹೊರಗಿದ್ದ ಇನ್ನೊಬ್ಬ ಹೆಂಗಸು ಎರಡು ಬಾಗಿಲುಗಳನ್ನೂ ಎಳೆದು ಮುಚ್ಚಿ, ಸರಳು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಲ್ಲುತ್ತಾರೆ. ಇವರು ಒಳಗೆ ಹೋದವರ ನಾದಿನಿ, ಅಂದರೆ ಗಂಡನ ತಂಗಿ. ಇದೇ ಗೋದಾಮಿನಲ್ಲಿ ಚೀಲ ಹೊಲಿಯುವ ಕೆಲಸ. ಅತ್ತಿಗೆಯನ್ನು ಒಳಗೆ ಕೂಡಿಹಾಕಿ ಮರೆತುಬಿಟ್ಟರೆ ಏನು ಗತಿ ಎಂದು ಕೇಳಿದೆ. "ಜಗಳ ಆಡಿದ ದಿನ ನಾನು ಬಾಗಿಲು ಮುಚ್ಚೋಕೆ ಬರಲ್ಲ. ನನ್ನ ಮೇಲೆ ನನಗೇ ನಂಬಿಕೆ ಇರಲ್ಲ" ಎಂದರು.

ಅಂಗಳದಲ್ಲಿ ಕಂಟೇನರಿಗೆ ಎಲ್ಲರೂ ಅನ್ನುವುದು ಡಬ್ಬ ಎಂದು. ಹಾಗಾಗಿ ಇವರು ಡಬ್ಬದಕ್ಕ. ಇವರದು ಖಾಲಿ ಡಬ್ಬದೊಳಗೆ ನಿಂತು ಕತ್ತಲನ್ನು ನೋಡುವ, ಗಾಳಿಯನ್ನು ಮೂಸುವ ಕೆಲಸ. ತಗಡಿನಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಬೆಳಕು ಒಳಗೆ ಇಣುಕುತ್ತದೆ. ಬೆಳಕು ಬಂದ ಕಡೆ ಮಳೆ ನೀರೂ ಬರುತ್ತದೆ. ಹಲಗೆ ತೇವವಾಗಿದೆಯೇ ಎಂಬುದನ್ನು ಅಂಗಾಲು ಹೇಳುತ್ತದೆ. ಇನ್ನು ಉಳಿದದ್ದು ಮೂಗಿನ ಪಾಲು. ಹಿಂದಿನ ಸಾಗಣೆಯಲ್ಲಿ ಈ ಡಬ್ಬ ಟೈರು ಹೊತ್ತಿತ್ತೋ, ಹದ ಮಾಡಿದ ಚರ್ಮ ಹೊತ್ತಿತ್ತೋ, ಸಾಬೂನು ಹೊತ್ತಿತ್ತೋ ಯಾರಿಗೂ ಗೊತ್ತಿರುವುದಿಲ್ಲ. ಎಷ್ಟು ತೊಳೆದರೂ ಹಲಗೆಯೊಳಗೆ ಒಂದಿಷ್ಟು ವಾಸನೆ ಅಡಗಿ ಕೂತಿರಬಹುದು. ಅಕ್ಕಿ, ಎಳ್ಳು, ಹಾಲಿನ ಪುಡಿಗೆ ಅಷ್ಟೇ ಸಾಕು. ಸಮುದ್ರದ ಮೇಲೆ ವಾರಗಟ್ಟಲೆ ಬಾಗಿಲು ಮುಚ್ಚಿಕೊಂಡು ಜೊತೆಗಿದ್ದ ಮೇಲೆ ಆ ವಾಸನೆ ಇವುಗಳದೇ ಆಗಿಬಿಡುತ್ತದೆ.

ಗೋದಾಮಿನ ಕಚೇರಿಯ ಗೋಡೆಯ ಮೇಲೆ ದೇಶದ ಕೃಷಿ ರಫ್ತಿನ ದೊಡ್ಡ ಚಿತ್ರವೊಂದಿದೆ. ಹಸಿರು ಹೊಲ, ಹಣ್ಣಿನ ರಾಶಿ, ಹಡಗು, ನಗುವ ರೈತ ದಂಪತಿ. "ನಮ್ಮ ಹೊಲದಿಂದ ಜಗದ ತಟ್ಟೆಗೆ" ಎಂಬ ಬರಹ. ಹೊಲಕ್ಕೂ ತಟ್ಟೆಗೂ ನಡುವೆ ಬರಿಗಾಲಲ್ಲಿ ಕತ್ತಲೆಯಲ್ಲಿ ನಿಲ್ಲುವವರ ಚಿತ್ರ ಅದರಲ್ಲಿಲ್ಲ. ನನಗೆ ಇದು ಸ್ವಲ್ಪ ಚುಚ್ಚಿತು. ಡಬ್ಬದಕ್ಕನಿಗೆ ಏನೂ ಅನ್ನಿಸಿಲ್ಲ. "ಆ ಕತ್ತಲಲ್ಲಿ ಫೋಟೊ ತೆಗೆದ್ರೆ ಏನು ಕಾಣುತ್ತೆ?" ಎಂದು ಅವರೇ ನನ್ನನ್ನು ಕೇಳಿದರು.

ಎಂದಿನಂತಾದರೆ ಒಳಗಿನಿಂದ ತಗಡು ಬಡಿದ ಸದ್ದಾಗುತ್ತದೆ, ಬಾಗಿಲು ತೆರೆಯುತ್ತದೆ, "ತುಂಬಿಸಿ" ಎಂದು ಹೇಳಿ ಅವರು ಚಪ್ಪಲಿ ಮೆಟ್ಟಿ ಮುಂದಿನ ಡಬ್ಬಕ್ಕೆ ನಡೆಯುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಡಬ್ಬ, ಸುಗ್ಗಿಯಲ್ಲಿ ಅದರ ಎರಡರಷ್ಟು. ಇಂದು ಸದ್ದೇನೋ ಆಗುತ್ತದೆ, ಆದರೆ ಹೊರಗೆ ಬಂದವರು ಚಪ್ಪಲಿ ಮೆಟ್ಟುವುದಿಲ್ಲ. ಮೂಗು ಉಜ್ಜಿಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಮತ್ತೆ ಬರುತ್ತಾರೆ.

"ಸುಟ್ಟ ರಬ್ಬರಿನ ವಾಸನೆ ಇದೆ" ಎನ್ನುತ್ತಾರೆ.

ಗೋದಾಮಿನ ಮ್ಯಾನೇಜರು ಒಳಗೆ ಹೋಗಿ ಬರುತ್ತಾರೆ. ಅವರಿಗೆ ಏನೂ ಸಿಗುವುದಿಲ್ಲ. ನಾದಿನಿಗೂ ಇಲ್ಲ. ಕಾಫಿಯ ಕಳಂಕ ಹೊತ್ತಿದ್ದ ನನ್ನನ್ನೂ ಕೊನೆಗೆ ಒಳಗೆ ಬಿಡುತ್ತಾರೆ. ನನ್ನ ಮೂಗಿಗೆ ಬಡಿದದ್ದು ಕಬ್ಬಿಣ ಮತ್ತು ಹಳೆಯ ಮರ, ಅಷ್ಟೇ.

ಡಬ್ಬದ ಪಕ್ಕದಲ್ಲಿ ಎಳ್ಳಿನ ಚೀಲಗಳ ಸಾಲು ಕಾದಿದೆ. ಅದರ ಮುಂದೆ ಬೆಳೆಗಾರರ ಸಂಘದ ಅಧ್ಯಕ್ಷೆ ನಿಂತಿದ್ದಾರೆ. ಸ್ವತಃ ಎಳ್ಳು ಬೆಳೆಯುವವರು. ಇಷ್ಟು ವರ್ಷ ಇವರ ಎಳ್ಳು ಯಾರದೋ ಚೀಲದಲ್ಲಿ, ಯಾರದೋ ಹೆಸರಲ್ಲಿ ಹೊರದೇಶಕ್ಕೆ ಹೋಗುತ್ತಿತ್ತು. ಈ ಸಲ ರಫ್ತು ಮೇಳವೊಂದರಲ್ಲಿ ಮಳಿಗೆ ಹಾಕಿ, ಬಂದವರಿಗೆಲ್ಲ ಚಿಟಿಕೆ ಎಳ್ಳು ತಿನ್ನಿಸಿ, ಒಬ್ಬ ಖರೀದಿದಾರನನ್ನು ಅಧ್ಯಕ್ಷೆಯೇ ಹಿಡಿದಿದ್ದಾರೆ. ಚೀಲದ ಮೇಲೆ ಮೊದಲ ಬಾರಿಗೆ ಸಂಘದ ಹೆಸರು ಅಚ್ಚಾಗಿದೆ. ಸಂಜೆಯೊಳಗೆ ಡಬ್ಬ ಬಂದರು ಸೇರದಿದ್ದರೆ ಹಡಗು ತಪ್ಪುತ್ತದೆ, ಹಡಗು ತಪ್ಪಿದರೆ ಆತ ಕೊಟ್ಟ ಗಡುವು ಮೀರುತ್ತದೆ. ಅಂಗಳದ ಉಳಿದ ಡಬ್ಬಗಳೆಲ್ಲ ಬೇರೆಯವರ ಸರಕಿಗೆ ಗೊತ್ತಾದವು, ಹೊಸದಾಗಿ ತರಿಸೋಣವೆಂದರೆ ವಾರದ ಮಾತು. ವಾಸನೆ ಹಿಡಿದ ಎಳ್ಳು ಆಚೆ ದಡ ಮುಟ್ಟಿದರೆ ಇನ್ನೂ ಕೆಟ್ಟದ್ದು, ಮೊದಲ ಸಲಕ್ಕೇ ಹೆಸರು ಮಣ್ಣುಪಾಲು.

"ಮೂರು ಜನಕ್ಕೆ ಬರದ ವಾಸನೆ ನಿಮ್ಮೊಬ್ಬರಿಗೇ ಬಂದ್ರೆ ಹೇಗಮ್ಮ? ನಿಮ್ಮ ಮೂಗು ನಂಬಿಕೊಂಡು ನಮ್ಮ ಎಳ್ಳು ಇಲ್ಲೇ ಕೂತ್ಕೊಬೇಕಾ?" ಅಧ್ಯಕ್ಷೆಯ ದನಿ ಏರುತ್ತದೆ.

ಮ್ಯಾನೇಜರು ಅಡ್ಡ ಬರುತ್ತಾರೆ. "ಅಕ್ಕ ಬೇಡ ಅಂದ್ರೆ ಬೇಡ ಕಣಮ್ಮ. ಇಲ್ಲಿ ಮೊದಲಿಂದ ಹಾಗೇ ನಡ್ಕೊಂಡು ಬಂದಿದೆ."

ಅದು ಸುಮ್ಮನೆ ಬಂದ ಮರ್ಯಾದೆಯಲ್ಲ. ಡಬ್ಬದಕ್ಕ ಈ ಕೆಲಸಕ್ಕೆ ಸೇರಿದ ಮೇಲೆ ತಲೆಗೆ ಪರಿಮಳದ ಎಣ್ಣೆ ಹಚ್ಚಿಲ್ಲ, ಕೆಲಸಕ್ಕೆ ಬರುವ ಮುಂಚೆ ಹಸಿ ಈರುಳ್ಳಿ ಮುಟ್ಟಿಲ್ಲ. ಬಟ್ಟೆ ಒಗೆಯುವುದಕ್ಕೆ ವಾಸನೆಯಿಲ್ಲದ ಸೋಪನ್ನು ಹುಡುಕಿ ತರುತ್ತಾರೆ. ಇಂಥವರಿಗೆ ಗಂಟುಬಿದ್ದ ಗಂಡ ಕ್ಷೌರಿಕ. ಅವರ ಅಂಗಡಿಯಲ್ಲಿ ಪೌಡರು, ಸೆಂಟು, ಗಡ್ಡಕ್ಕೆ ಹಚ್ಚುವ ಘಮಘಮ ನೀರು. ಸಂಜೆ ಮನೆಗೆ ಬಂದವರು ಹಿತ್ತಲಲ್ಲೇ ಮಿಂದು, ಬಟ್ಟೆ ಬದಲಿಸಿ ಒಳಗೆ ಬರಬೇಕು. "ಊರವರೆಲ್ಲ ನಮ್ಮಣ್ಣನ ಹತ್ರ ಘಮಘಮ ಅಂತ ಎದ್ದು ಹೋಗ್ತಾರೆ. ಅವನು ಮಾತ್ರ ನೀರು ಕುಡಿದಷ್ಟು ಸಪ್ಪೆ" ಎಂದು ನಾದಿನಿ ನಗುತ್ತಾರೆ. ಮನೆಯವರೆಲ್ಲ ಸೇರಿ ಕಾಪಾಡಿಕೊಂಡು ಬಂದ ಮೂಗು ಅದು.

ಕಳೆದ ಮಳೆಗಾಲದಲ್ಲಿ ಆ ಮೂಗಿಗೆ ಏಟು ಬಿತ್ತು. ಜ್ವರ ಬಂದು ಮಲಗಿದವರಿಗೆ ಎದ್ದ ಮೇಲೆ ಯಾವ ವಾಸನೆಯೂ ಇಲ್ಲ. ಹಾಲು ಉಕ್ಕಿ ತಳ ಹಿಡಿದರೂ ಗೊತ್ತಾಗಲಿಲ್ಲ. ಎರಡು ತಿಂಗಳು ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದರು. ನಿಧಾನವಾಗಿ ವಾಸನೆ ಮರಳಿತು. ಮ್ಯಾನೇಜರು ಬಗೆಬಗೆಯ ವಾಸನೆಯ ಪುಟ್ಟ ಡಬ್ಬಿಗಳನ್ನು ಮೂಸಿಸಿ, ಸರಿಯಾಗಿ ಹೇಳಿದರೆಂದು ಮತ್ತೆ ಕೆಲಸಕ್ಕೆ ಹಚ್ಚಿದರು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಕಥೆ.

ಗೊತ್ತಿಲ್ಲದ್ದನ್ನು ಡಬ್ಬದಕ್ಕ ಈಗ ಎಲ್ಲರೆದುರು ಹೇಳುತ್ತಾರೆ, ಚೀಲದ ಕಡೆ ನೋಡಿಕೊಂಡು.

"ಸಾರ್, ಒಂದು ಮಾತು. ಹೋದ ವಾರ ಮನೇಲೂ ಹೀಗೇ ಸುಟ್ಟ ವಾಸನೆ ಬಂತು. ಎದ್ದು ಒಲೆ ನೋಡಿದೆ, ಸ್ವಿಚ್ಚು ನೋಡಿದೆ. ಎಲ್ಲೂ ಏನೂ ಇಲ್ಲ. ಮನೆಯವರನ್ನ ಎಬ್ಬಿಸಿದೆ, ಅವರಿಗೂ ಬರ್ತಿಲ್ಲ. ಜ್ವರ ಬಂದೋರಿಗೆ ಕೆಲವು ಸಲ ಇಲ್ಲದ ವಾಸನೆ ಬರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ರು. ಕೆಲಸದಲ್ಲಿ ಇವತ್ತೇ ಮೊದಲು. ಇದು ಡಬ್ಬದ್ದೋ ನನ್ನದೋ ನನಗೆ ತಿಳೀತಿಲ್ಲ."

ಈ ಮಾತಿನಿಂದ ಏನಾಗಬಹುದು ಎಂಬುದು ಡಬ್ಬದಕ್ಕನಿಗೆ ಚೆನ್ನಾಗಿ ಗೊತ್ತು. ನಾಳೆ ಮತ್ತೆ ಮೆಣಸಿನ ತೊಟ್ಟಿನ ಮುಂದೆ ಕೂರಬೇಕಾಗಬಹುದು, ಅದೂ ಖಾಯಂ ಆಗಿ. ಸುಮ್ಮನೆ "ಬೇಡ" ಎಂದಿದ್ದರೆ ಯಾರೂ ಮರುಮಾತಾಡುತ್ತಿರಲಿಲ್ಲ. ನಾದಿನಿಯ ಮುಖದಲ್ಲಿದ್ದ ತಮಾಷೆ ಅಳಿಸಿಹೋಗಿದೆ.

ಮುಂದಿನ ದಾರಿ ತೋರಿಸುವವರೂ ಡಬ್ಬದಕ್ಕನೇ. "ಹಾಲಿನ ಪುಡಿಗೆ ಮಾಡ್ತೀವಲ್ಲ, ಬೆಣ್ಣೆ ಇಡೋದು. ಅದನ್ನ ಇಡೋಣ. ರುಚಿ ನೀವು ನೋಡಿ, ನಾನು ನೋಡಲ್ಲ."

ಇದು ಇಲ್ಲಿನ ಹಳೆಯ ಉಪಾಯ. ಬೆಣ್ಣೆ ಗಾಳಿಯಲ್ಲಿರುವ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತದೆ. ಉಪ್ಪಿಲ್ಲದ ಬೆಣ್ಣೆ ಸವರಿದ ಬ್ರೆಡ್ಡಿನ ಒಂದು ತಟ್ಟೆಯನ್ನು ಡಬ್ಬದ ನಡುವೆ ತೆರೆದಿಟ್ಟು ಬಾಗಿಲು ಮುಚ್ಚುತ್ತಾರೆ. ಅಂಥದೇ ಇನ್ನೊಂದು ತಟ್ಟೆ ಕಚೇರಿಯಲ್ಲಿ. ಬಿಸಿಲು ಏರಿ ತಗಡು ಕಾಯಬೇಕು, ಹಲಗೆಯಲ್ಲಿ ಅಡಗಿದ್ದು ಏನಾದರೂ ಇದ್ದರೆ ಆಗ ಹೊರಗೆ ಬರುತ್ತದೆ.

ಮಧ್ಯಾಹ್ನದವರೆಗೂ ಕಾಯುವುದಷ್ಟೇ ಕೆಲಸ. ಡಬ್ಬದಕ್ಕ ಬೇರೆ ಡಬ್ಬಗಳ ಹತ್ತಿರ ಹೋಗುವುದಿಲ್ಲ, ಯಾರೂ ಹೋಗು ಎನ್ನುವುದೂ ಇಲ್ಲ. ಗೋದಾಮಿನ ನೆರಳಲ್ಲಿ ಕೂತು ನನ್ನ ಪ್ರಶ್ನೆಗಳಿಗೆ ಒಂದೊಂದೇ ಮಾತಿನಲ್ಲಿ ಉತ್ತರಿಸುತ್ತಾರೆ. ಇಲ್ಲಿ ಮೊದಲು ನೆಲ ಗುಡಿಸುತ್ತಿದ್ದರು. ಒಮ್ಮೆ ಡಬ್ಬ ಗುಡಿಸುವಾಗ ಸೀಮೆಎಣ್ಣೆ ವಾಸನೆ ಎಂದರು, ಅದು ನಿಜವಾಯಿತು, ಅಂದಿನಿಂದ ಇದೇ ಕೆಲಸ. ಕತ್ತಲೆಯ ಭಯ ಇಲ್ಲವೇ? "ಮೊದಮೊದಲು ಇತ್ತು. ಆಮೇಲೆ ದಿನದಲ್ಲಿ ಯಾರೂ ನನ್ನ ಕರೆಯದೆ ಇರೋ ಜಾಗ ಅದೊಂದೇ ಅಂತ ಗೊತ್ತಾಯ್ತು." ಕೆಲಸ ಹೋದರೆ? ಅವರು ಎದ್ದು, ಡಬ್ಬದ ಬಾಗಿಲ ಸರಳು ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬಂದರು. ಕೇಳಬಾರದಿತ್ತು ಎಂದು ನನಗೇ ಅನ್ನಿಸಿತು.

ಅಷ್ಟು ಹೊತ್ತು ದೂರವೇ ಕೂತಿದ್ದ ಅಧ್ಯಕ್ಷೆ ಒಮ್ಮೆ ಎದ್ದು ಬಂದು, ನೀರಿನ ಬಾಟಲಿಯನ್ನು ಡಬ್ಬದಕ್ಕನ ಪಕ್ಕ ಇಟ್ಟು, ಹಿಂತಿರುಗುತ್ತಾರೆ.

ಬಾಗಿಲು ತೆರೆದಾಗ ಒಳಗಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಬೆಣ್ಣೆ ಕರಗಿ ಬ್ರೆಡ್ಡಿಗೆ ಇಳಿದಿದೆ. ಕಚೇರಿಯ ತಟ್ಟೆಯನ್ನೂ ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟಿದ್ದರಿಂದ ನೋಡಲು ಎರಡೂ ಒಂದೇ. ಯಾವುದು ಎಲ್ಲಿಯದು ಎಂಬುದು ನಾದಿನಿಗೆ ಮಾತ್ರ ಗೊತ್ತು. ಮ್ಯಾನೇಜರು ತಿನ್ನುತ್ತಾರೆ, ಅಧ್ಯಕ್ಷೆ ತಿನ್ನುತ್ತಾರೆ, ಹೊರೆ ಹೊರುವವರಲ್ಲಿ ಇಬ್ಬರು ತಿನ್ನುತ್ತಾರೆ. ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಯಾವುದು ಡಬ್ಬದ್ದು ಎಂದು ಕೇಳಿದರೆ ಇಬ್ಬರು ಒಂದನ್ನು ತೋರಿಸುತ್ತಾರೆ, ಇಬ್ಬರು ಇನ್ನೊಂದನ್ನು. ಒಬ್ಬ ಹೊರೆಯಾಳು ಸಂಶಯ ತೀರಲಿಲ್ಲವೆಂದು ಎರಡನೆಯ ಸಲವೂ ತಿನ್ನುತ್ತಾನೆ. ಅವನದು ಹಸಿವೆಯೇ ಹೊರತು ಸಂಶಯವಲ್ಲ ಎಂದು ನಾದಿನಿ ತಟ್ಟೆ ಕಸಿದುಕೊಳ್ಳುತ್ತಾರೆ.

ಡಬ್ಬ ಶುದ್ಧವಾಗಿತ್ತು. ವಾಸನೆ ಇದ್ದದ್ದು ಡಬ್ಬದಕ್ಕನ ಮೂಗಿನಲ್ಲೇ.

"ತುಂಬಿಸಿ" ಎನ್ನುತ್ತಾರೆ ಅವರು. ದನಿ ಸಣ್ಣದಾಗಿದೆ, ಆದರೆ ಮಾತು ಅವರದೇ.

ಚೀಲಗಳು ಒಂದರ ಹಿಂದೊಂದು ಒಳಗೆ ಹೋಗುತ್ತವೆ. ಅಧ್ಯಕ್ಷೆ ಪ್ರತಿ ಚೀಲವನ್ನೂ ಒಮ್ಮೆ ಮುಟ್ಟಿ ಕಳಿಸುತ್ತಾರೆ. ಲಾರಿ ಗೇಟು ದಾಟಿದ ಮೇಲೆ ಡಬ್ಬದಕ್ಕನ ಬಳಿ ಬಂದು, "ಬೆಳಿಗ್ಗೆ ಹಾಗೆ ಅನ್ನಬಾರದಾಗಿತ್ತು" ಎನ್ನುತ್ತಾರೆ. "ನಿಮ್ಮ ಜಾಗದಲ್ಲಿ ನಾನಿದ್ರೂ ಅಂತಿದ್ದೆ ಬಿಡಿ" ಎಂದು ಇವರು.

ಮ್ಯಾನೇಜರು ಎಲ್ಲರೂ ಹೋಗಲಿ ಎಂದು ಕಾದು, ಮುಂದೇನು ಮಾಡೋಣ ಎಂದು ಕೇಳುತ್ತಾರೆ. ಡಬ್ಬದಕ್ಕ ಅದನ್ನು ನೆರಳಲ್ಲಿ ಕೂತಾಗಲೇ ತೀರ್ಮಾನಿಸಿಕೊಂಡಂತಿದೆ. "ನಾಳೆಯಿಂದ ನಮ್ಮ ನಾದಿನೀನೂ ಒಳಗೆ ಬರಲಿ. ಇಬ್ಬರೂ ಸರಿ ಅಂದ್ರೆ ಸರಿ. ಇಬ್ಬರ ಮಾತು ಬೇರೆ ಆದ್ರೆ ಬೆಣ್ಣೆ ಇಡೋದು. ಅವಳು ಕಲಿತ ಮೇಲೆ ನನ್ನ ಮೂಗಿನ ಗತಿ ನೋಡಿ, ಬೇಡ ಅನ್ನಿಸಿದ್ರೆ ಹೇಳಿಬಿಡಿ." ಮ್ಯಾನೇಜರು ಒಪ್ಪುತ್ತಾರೆ. ಪರಿಮಳದ ಸೋಪು ಬಿಡಬೇಕಾಯಿತಲ್ಲ ಎಂದು ನಾದಿನಿ ಗೊಣಗುತ್ತಾರೆ.

ಹೊರಡುವ ಮುಂಚೆ, ಮೂಗು ಕೈಕೊಟ್ಟದ್ದಕ್ಕೆ ಬೇಜಾರಾಗಿಲ್ಲವೇ ಎಂದು ಕೇಳಿದೆ.

"ಬೇಜಾರಾಗದೆ ಇರುತ್ತಾ? ಇಷ್ಟು ವರ್ಷ ನನ್ನ ಅನ್ನ ಹುಟ್ಟಿದ್ದೇ ಅದರಿಂದ" ಎಂದರು. ಆಮೇಲೆ, ಇವತ್ತಿಗೆ ತೂತು, ತೇವ ಮಾತ್ರ ನೋಡಲೆಂದು ಮುಂದಿನ ಡಬ್ಬದ ಬಾಗಿಲ ಬಳಿ ಚಪ್ಪಲಿ ಬಿಡುತ್ತಾ ಹೇಳಿದರು:

"ಮೂಗು ಇವತ್ತು ಸುಳ್ಳು ಹೇಳ್ತು, ನಿಜ. ಆದ್ರೆ ಅದನ್ನ ನಂಬಬೇಡಿ ಅಂತ ಮೊದಲು ಹೇಳಿದ್ದು ನಾನೇ ಅಲ್ವಾ?"