ಹವ್ರಿಲೋ ಗಣಿಯ ನೂರು ಹೆಜ್ಜೆ

ಪರಸ್ಕಾ ಕೂತದ್ದನ್ನು ನೋಡಿದವರು ನಮ್ಮ ಊರಲ್ಲಿ ಯಾರೂ ಇಲ್ಲ. ಊಟವನ್ನೂ ಒಲೆಯ ಮುಂದೆ ನಿಂತೇ ಮಾಡುತ್ತಿದ್ದಳು. ಚರ್ಚಿನಲ್ಲಿ ಪ್ರಾರ್ಥನೆ ಉದ್ದವಾದರೆ ಎರಡು ಸಲ ಎದ್ದು ಹೋಗಿ ಕುದುರೆ ನೋಡಿಕೊಂಡು ಬರುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಊರೆಲ್ಲ ಆಡಿಕೊಂಡು ನಗುತ್ತಿತ್ತು. ನಕ್ಕವರಲ್ಲಿ ನಾನೂ ಒಬ್ಬ, ಮುಚ್ಚಿಡುವುದೇನಿದೆ.

ಅವಳಪ್ಪ ಹವ್ರಿಲೋ ಉಕ್ರೇನಿನಿಂದ ಬಂದು, ಆಲ್ಬರ್ಟಾದ ಈ ಮರವಿಲ್ಲದ ಬಯಲಲ್ಲಿ, ಹೊಳೆದಂಡೆಯ ದಿಣ್ಣೆ ಕೊರೆದು ಕಲ್ಲಿದ್ದಲು ತೆಗೆದವನು. ಈಗೇನೋ ಮನೆಮನೆಗೂ ಗ್ಯಾಸ್ ಕೊಳವೆ ಬಂದಿದೆ. ಆಗ ಆ ಸುರಂಗವೊಂದೇ ನಮಗೆಲ್ಲ ಗತಿ. ನಮ್ಮ ಕಲ್ಲಿದ್ದಲು ಎಳಸು, ಗಾಳಿಗೆ ಬಿಟ್ಟರೆ ನಾಲ್ಕು ದಿನಕ್ಕೆ ಪುಡಿಪುಡಿ. ಬೇಸಿಗೆಯಲ್ಲಿ ತೆಗೆದು ಕೂಡಿಡುವ ಹಾಗಿಲ್ಲ. ಚಳಿ ಬಿದ್ದ ಮೇಲೆಯೇ ಅಗೆಯಬೇಕು, ಅಗೆದದ್ದನ್ನು ಆಗಲೇ ಒಯ್ಯಬೇಕು.

ಹವ್ರಿಲೋ ತೀರಿಕೊಂಡ ವರ್ಷ ಸುರಂಗಕ್ಕೆ ನೀರು ತುಂಬಿತು. ಮಗ ಒನುಫ್ರಿ ಅದರ ಬಾಯಿ ಮುಚ್ಚಿ, ದಿಣ್ಣೆಯ ಆಚೆ ಮಗ್ಗುಲಿಂದ ಅದಕ್ಕೆ ಎದುರಾಗಿ ಹೊಸದೊಂದನ್ನು ತೋಡಿದ. ಒಳಗೆ ಅಗೆಯುವವರು ಅವನು, ಅವನ ಇಬ್ಬರು ಅಳಿಯಂದಿರು. ಕಲ್ಲಿದ್ದಲು ಎಳೆಯುವ ಕುದುರೆ, ತಕ್ಕಡಿ, ಬಂದವರಿಗೆ ಬೀಟ್‌ರೂಟ್ ಸಾರು, ಇವೆಲ್ಲ ಗಂಡ ಸತ್ತು ತವರಿಗೆ ಬಂದ ಅಕ್ಕ ಪರಸ್ಕಾಳ ಪಾಲು.

"ಹಳೇ ನೀರಿಗೆ ಇನ್ನೆಷ್ಟು ದೂರ ಐತೆ?" ಆ ಚಳಿಗಾಲವೆಲ್ಲ ಅವಳದು ಇದೊಂದೇ ಪ್ರಶ್ನೆ.

ಒನುಫ್ರಿಗೆ ಲೆಕ್ಕ ಬಾಯಿಪಾಠ. ಅಪ್ಪ ಕ್ಯಾಲೆಂಡರಿನ ಬೆನ್ನಿಗೆ ಬರೆದ ನಕ್ಷೆ ಅಡುಗೆಮನೆಯ ಗೋಡೆಯಲ್ಲಿತ್ತು. ಅದರ ಪ್ರಕಾರ ಹಳೆಯ ಸುರಂಗ ಇನ್ನೂರ ಅರವತ್ತು ಹೆಜ್ಜೆ. ದಿಣ್ಣೆಯನ್ನು ಈ ಬಾಯಿಂದ ಆ ಬಾಯಿಗೆ ಒನುಫ್ರಿಯೇ ನಡೆದು ಅಳೆದಿದ್ದ, ಆರುನೂರು. ನಾನು ಹೇಳಹೊರಟ ದಿನದ ಹೊತ್ತಿಗೆ ಹೊಸ ಸುರಂಗ ಇನ್ನೂರ ಮೂವತ್ತು ಮುಟ್ಟಿತ್ತು.

"ನಡುವೆ ಇನ್ನೂ ನೂರಾಹತ್ತು ಹೆಜ್ಜೆ ಗಟ್ಟಿ ಐತೆ. ಸುಮ್ನೆ ತಲೆ ತಿನ್ಬೇಡ, ಹೋಗಕ್ಕ."

ಅವಳು ಹೋಗುತ್ತಿದ್ದಳು. ಅರ್ಧ ಗಂಟೆಗೆ ಮತ್ತೆ ಬರುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತಾರರ ಫೆಬ್ರವರಿ. ಉಗುಳಿದರೆ ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟುವ ಚಳಿ. ಗಣಿಯ ಮುಂದೆ ಹದಿನೆಂಟು ಜಾರುಬಂಡಿಗಳ ಸಾಲು, ನನ್ನದು ಐದನೆಯದು. ಮನೆಯಲ್ಲಿ ಒಂಬತ್ತು ದಿನದ ಕೂಸು. ಬೆಳಿಗ್ಗೆ ಹೆಂಡತಿ ಕುರ್ಚಿ ಮುರಿದು ಒಲೆಗೆ ಹಾಕಿದ್ದಳು. ನಾಲ್ಕನೆಯ ಬಂಡಿ ತುಂಬಿತು. ನಾನು ಮುಂದೆ ಸರಿದೆ. ಅಷ್ಟರಲ್ಲಿ ಪರಸ್ಕಾ ಸುರಂಗದೊಳಗಿಂದ ಕುದುರೆಯನ್ನು ಬಿಚ್ಚಿಕೊಂಡು ಬಂದು ಲಾಯದಲ್ಲಿ ಕಟ್ಟಿಬಿಟ್ಟಳು. ಗಂಡಸರು ಮೂವರೂ ಕೂಗಾಡುತ್ತ ಅವಳ ಹಿಂದೆಯೇ ಬಂದರು.

ಕೂಗಾಡಿದವರಲ್ಲಿ ನನ್ನ ದನಿಯೇ ದೊಡ್ಡದು. "ಪರಸ್ಕಕ್ಕ, ನಿಂಗೇನು ಹುಚ್ಚಾ? ಮನೇಲಿ ಕೂಸು ಸೆಡೆತುಕೊಂಡು ಬಿದ್ದೈತೆ. ನಿನ್ನ ಕಾಲು ನಿಲ್ದಿದ್ರೆ ಊರೆಲ್ಲ ಸಾಯ್ಬೇಕಾ?"

ಅವಳು ನನ್ನ ಕಡೆ ತಿರುಗಲಿಲ್ಲ. "ಒನುಫ್ರಿ, ಈವತ್ತು ಹೊಸ ಹಿಮದಲ್ಲಿ ನಿನ್ನ ಹೆಜ್ಜೆ ಮೇಲೆ ಕಾಲಿಟ್ಕೊಂಡು ಬಂದೆ ಕಣೋ. ಸಲೀಸಾಗಿ ಕೂತ್ವು. ಅಪ್ಪನ ಹೆಜ್ಜೆ ಹಿಡಿಯೋಕೆ ಮದುವೆ ವಯಸ್ಸಲ್ಲೂ ನಾನು ಹಾರ್ತಿದ್ದೆ."

"ನಾನು ಕುಳ್ಳ ಅಂತ ಹೇಳೋಕೆ ಊರ ಮುಂದೆ ಕರೆದ್ಯಾ?"

ಎಲ್ಲರೂ ನಕ್ಕರು. ಅವಳು ಸೆರಗಿನಂತೆ ಹೊದ್ದ ಶಾಲಿನೊಳಗಿಂದ ನಕ್ಷೆ ತೆಗೆದಳು. "ಮನೆ ಹೊಸಿಲಿಂದ ಬಾವಿಗೆ ನೂರು ಹೆಜ್ಜೆ ಅಂತ ಅಪ್ಪ ಬರೆದವ್ನೆ. ನಡಿ ನೋಡಾನ."

ಅವನು ಹಲ್ಲು ಕಡಿಯುತ್ತ ನಡೆದ. ನಾವು ತಮಾಷೆಗೆ ಗಟ್ಟಿಯಾಗಿ ಎಣಿಸಿದೆವು. ನೂರಕ್ಕೆ ಬಾವಿ ಇನ್ನೂ ದೂರ. ನೂರಾ ಹತ್ತಕ್ಕೆ ನಗು ನಿಂತಿತು. ನೂರಾ ನಲವತ್ತಕ್ಕೆ ಅವನ ಕೈ ಬಾವಿಕಟ್ಟೆಗೆ ತಾಗಿತು.

ದೊಡ್ಡ ಅಳಿಯ ಬಂಡಿಯ ಹಲಗೆಯ ಮೇಲೆ ಲೆಕ್ಕ ಹಾಕಿದ. ಅಪ್ಪನ ಇನ್ನೂರ ಅರವತ್ತು ಹೆಜ್ಜೆ ಎಂದರೆ ಒನುಫ್ರಿಯ ಮುನ್ನೂರ ಅರವತ್ನಾಲ್ಕು. ನೀರಿಗೂ ಪಿಕಾಸಿಗೂ ನಡುವೆ ಉಳಿದದ್ದು ನೂರಾಹತ್ತಲ್ಲ, ಆರು. ಅವರು ದಿನಕ್ಕೆ ಎರಡು ಹೆಜ್ಜೆ ಅಗೆಯುತ್ತಿದ್ದರು.

ಒನುಫ್ರಿಗೆ ಆಗಲೂ ನಂಬಿಕೆಯಿಲ್ಲ. ಅಳಿಯಂದಿರನ್ನು ಹೊರಗೇ ನಿಲ್ಲಿಸಿ, ತೂತು ಕೊರೆದು ನೋಡಲು ಉದ್ದನೆಯ ಬೈರಿಗೆ ಹೊತ್ತು ಒಳಗೆ ಹೋದ. ಲಾಟೀನು ಮತ್ತು ಮರದ ಗೂಟ ಹಿಡಿದು ಪರಸ್ಕಾ ಹಿಂದೆ ಹೋದಳು. ಹೊರಗೆ ನಮ್ಮಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಬ್ಬ ಕುದುರೆಯ ಪಟ್ಟಿ ಬಿಗಿಯುತ್ತಾನೆ, ಇನ್ನೊಬ್ಬ ಸಡಿಲಿಸುತ್ತಾನೆ. ನಾನಂತೂ ಬಾವಿಗೂ ಬಂಡಿಗೂ ಅಲೆಯುತ್ತಿದ್ದೆ. ಅವಳ ಕಾಯಿಲೆ ಎಂಥದ್ದೆಂದು ಅವತ್ತು ತಿಳಿಯಿತು.

ಇಬ್ಬರೂ ಬಂದರು. ಒನುಫ್ರಿಯ ಎದೆ ತೊಯ್ದಿತ್ತು, ನೋಡನೋಡುತ್ತ ಅಂಗಿ ಬಿಳಿಚಿ ಗಟ್ಟಿಯಾಯಿತು. ಬೈರಿಗೆ ನಾಲ್ಕೇ ಹೆಜ್ಜೆಯಷ್ಟು ಒಳಗೆ ಹೋಗುವಷ್ಟರಲ್ಲಿ ನೀರು ಚಿಮ್ಮಿತ್ತು. ಅವಳು ಹಿಡಿದ ಗೂಟವನ್ನು ಬಡಿದು ತೂತು ಮುಚ್ಚಿದ್ದ.

"ಇಷ್ಟು ದಿನ ಇಬ್ರು ಹೆಣ್ಮಕ್ಕಳ ಗಂಡಂದಿರನ್ನೂ ಆ ನೀರಿನ ಮುಂದೇನೇ ನಿಲ್ಸಿದ್ದೆ ಅಕ್ಕ," ಎಂದು ಹಿಮದ ಮೇಲೆ ಕುಸಿದು ಅತ್ತ.

ಅವತ್ತು ಉಳಿದ ಹದಿನಾಲ್ಕು ಬಂಡಿಗಳಿಗೆ ಕಲ್ಲಿದ್ದಲಿಲ್ಲ. ನಾನು ಮುಖ ತಪ್ಪಿಸಿಕೊಂಡು ಕುದುರೆ ತಿರುಗಿಸುತ್ತಿದ್ದೆ. ಪರಸ್ಕಾ ಅಡುಗೆಮನೆಯ ಕಲ್ಲಿದ್ದಲಿನ ಪೆಟ್ಟಿಗೆಯನ್ನೇ ಹೊತ್ತು ತಂದು ನನ್ನ ಬಂಡಿಗೆ ಸುರಿದಳು.

"ಒಂಬತ್ತು ದಿನದ್ದಲ್ವಾ? ಬಾಯಿ ಬಿಟ್ಕೊಂಡು ನಿಲ್ಬೇಡ, ಓಡು."

"ನಿನ್ನ ಒಲೆಗೆ?"

"ನಾನೆಲ್ಲಿ ಕೂರ್ತೀನೋ ಮಾರಾಯ? ಓಡಾಡೋಳಿಗೆ ಎಂಥಾ ಚಳಿ!"

ಆ ಕೂಸಿಗೆ ಈಗ ಇಪ್ಪತ್ತೆರಡು. ಅವಳೂ ಕೂತಲ್ಲಿ ಕೂರುವವಳಲ್ಲ, ಊಟವೂ ನಿಂತೇ. ಹೆಂಡತಿ ಗದರುತ್ತಾಳೆ. ನಾನು ತಟ್ಟೆಯನ್ನು ಅವಳು ನಿಂತಲ್ಲಿಗೇ ಒಯ್ದು ಕೊಡುತ್ತೇನೆ.