ಸಂಜೆಯ ಬೋಟಿಗೆ ಇಟ್ಟ ಐಸು

“ಮಮ್ಮಾ, ವಾಟರ್ ಫ್ರೀಝ್ ಆಗೋದು ಎಷ್ಟಕ್ಕೆ?”

ಕಳೆದ ಶನಿವಾರ ಇಲ್ಲಿ ದುಬೈಯ ದೇರಾದ ಮೀನು ಮಾರ್ಕೆಟ್ಟಿನಲ್ಲಿ ನನ್ನ ಮಗಳು ದಿಶಾ ಕೇಳಿದಳು. ಸೋಮವಾರ ಸೈನ್ಸ್ ಟೆಸ್ಟ್. ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದ ನಾನು “ಝೀರೋ” ಎಂದೆ. ಇಷ್ಟೂ ಗೊತ್ತಿಲ್ಲದಿದ್ದರೆ ಹೇಗೆ?

“ಉಪ್ಪುನೀರಾದ್ರೆ ಝೀರೋ ಸಾಕಾಗುದಿಲ್ಲ” ಎಂದರು, ಪಕ್ಕದ ಅಂಗಡಿಯಲ್ಲಿ ಐಸ್ ಒಡೆಯುತ್ತಿದ್ದ ಬಿಳಿಗಡ್ಡದ ಹಿರಿಯರು. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕಲಿತದ್ದಂತೆ.

ತಿರುಗಿ ನೋಡಿದೆ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಹಸನಬ್ಬ ಸಾಯಿಬ್ರು!

ನಮ್ಮ ಮನೆ ಮಲ್ಪೆ ಬಂದರಿನ ಹಿಂದೆಯೇ ಇತ್ತು. ಫ್ರಿಜ್ ಇರಲಿಲ್ಲ. ಐಸ್ ಬೇಕಿದ್ದರೆ ಪ್ಲಾಂಟಿಗೆ ಓಡಬೇಕು. ಅಲ್ಲಿ ಹಸನಬ್ಬರು ಸಿಹಿನೀರು ತುಂಬಿದ ಕಬ್ಬಿಣದ ಡಬ್ಬಗಳನ್ನು ಉಪ್ಪುನೀರಿನ ಟ್ಯಾಂಕಿನಲ್ಲಿ ಮುಳುಗಿಸಿಡುತ್ತಿದ್ದರು. ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಉಪ್ಪುನೀರು ನೀರಾಗಿಯೇ ಇರುತ್ತಿತ್ತು. ಡಬ್ಬದೊಳಗಿನದು ಕಲ್ಲಾಗುತ್ತಿತ್ತು. ನಡುಭಾಗ ಗಟ್ಟಿಯಾಗಲು ಹೆಚ್ಚುಕಡಿಮೆ ಇಡೀ ದಿನ ಬೇಕು. ಹೋದಾಗಲೆಲ್ಲ ಕೈಗೊಂದು ಚೂರು ಸಿಗುತ್ತಿತ್ತು. (ಅದಕ್ಕೆ ಮೀನಿನ ವಾಸನೆ. ಆದರೂ ಆ ರುಚಿ ಇಲ್ಲಿನ ಯಾವ ಐಸ್‌ಕ್ರೀಮಿಗೂ ಇಲ್ಲ.)

ನನಗಾಗ ಹತ್ತು ವರ್ಷ. ತಮ್ಮ ಸುಕೇಶ ಜ್ವರ ಏರಿ ಬಡಬಡಿಸತೊಡಗಿದ್ದ. ಡಾಕ್ಟರು ಇಂಜೆಕ್ಷನ್ ಕೊಟ್ಟು, ತಲೆಗೆ ಐಸ್ ಇಡುತ್ತಿರಿ ಎಂದರು. ಮಧ್ಯಾಹ್ನದ ಬಿಸಿಲಲ್ಲಿ ಅಮ್ಮ ಕೊಟ್ಟ ಬಕೆಟ್ ಹಿಡಿದು ಓಡಿದೆ. ಪ್ಲಾಂಟಿನಲ್ಲಿ ಸಿದ್ಧ ಐಸ್ ಇರಲಿಲ್ಲ. ಟ್ಯಾಂಕಿನಲ್ಲಿದ್ದದ್ದು ಸಂಜೆ ಹೊರಡುವ ಬೋಟಿನದ್ದು.

ಹಸನಬ್ಬರು ನನ್ನ ಮುಖ ನೋಡಿದರು. ಒಂದು ಡಬ್ಬ ಮೇಲೆಳೆದರು. ಸುತ್ತ ಐಸು, ನಡುವೆ ಇನ್ನೂ ನೀರು. ಒಡೆದು ಬಕೆಟ್ ತುಂಬಿಸಿ, “ಓಡು ಮಗಾ” ಎಂದರು.

ಸಂಜೆಗೆ ತಮ್ಮನ ಜ್ವರ ಇಳಿಯಿತು. ಎರಡು ದಿನ ಬಿಟ್ಟು ಹಸನಬ್ಬರು ಮನೆಗೇ ಬಂದು ಅವನನ್ನು ನೋಡಿಕೊಂಡು ಹೋದರು. ಆಮೇಲೆ ಅವರು ದುಬೈ ಸೇರಿದರೆಂಬ ಸುದ್ದಿ ಬಂತು. ಅದೃಷ್ಟವಂತ ಎಂದುಕೊಂಡೆವು. ಗಲ್ಫಿಗೆ ಹೋದವರನ್ನು ಆಗ ಬೇರೆ ಹೇಗೆ ನೋಡುತ್ತಿದ್ದೆವು?

ಶನಿವಾರ ನನ್ನ ಗುರುತು ಹೇಳಿ, ಮಾರ್ಕೆಟ್ಟಿನ ಹೊರಗೆ ಇಬ್ಬರೂ ಸುಲೇಮಾನಿ ಚಹಾ ಕುಡಿಯುವಾಗ ಉಳಿದದ್ದು ತಿಳಿಯಿತು. ಅಂದು ಒಂದು ಡಬ್ಬ ಕಡಿಮೆಯಾಯಿತೆಂದು ಬೋಟಿನವರು ಗಲಾಟೆ ಮಾಡಿದ್ದರು. ಪ್ಲಾಂಟಿನ ಧಣಿ ನಾಳೆಯಿಂದ ಬರಬೇಡ ಎಂದಿದ್ದರು. ಹಸನಬ್ಬರಿಗೆ ಮದುವೆಯಾಗಿ ಆಗಷ್ಟೇ ಎರಡು ತಿಂಗಳು. ದುಬೈಯಲ್ಲಿದ್ದ ಭಾವನನ್ನು ಕಾಡಿ ಬೇಡಿ ವೀಸಾ ತರಿಸಿಕೊಂಡರು. ಮೊದಲ ರಜೆಗೆ ಊರಿಗೆ ಹೋದಾಗ ಮಗಳು ಆಗಲೇ ನಡೆಯುತ್ತಿದ್ದಳಂತೆ. ಇವರನ್ನು ಕಂಡು ಹೆದರಿ ಅತ್ತಳಂತೆ.

ಇಲ್ಲಿಗೆ ಬಂದವರೆಲ್ಲ ದುಡ್ಡಿನ ಆಸೆಗೆ ಬಂದವರು ಎಂದು ಇದೇ ಅಂಕಣದಲ್ಲಿ ಒಮ್ಮೆ ಬರೆದಿದ್ದೆ. (ಕ್ಷಮಿಸಿ.)

ಮೊಬೈಲಿನಲ್ಲಿ ಸುಕೇಶನ ಫೋಟೋ ತೋರಿಸಿದೆ. ಹೊಟ್ಟೆ ಬಂದಿದೆ, ಇಬ್ಬರು ಮಕ್ಕಳ ತಂದೆ. ಹಸನಬ್ಬರು ಒದ್ದೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು. ತುಂಬ ಹೊತ್ತು ಹಿಂದಿರುಗಿಸಲಿಲ್ಲ.

ಮನೆಗೆ ಬಂದಿದ್ದಿರಲ್ಲ, ಕೆಲಸ ಹೋದದ್ದನ್ನು ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ, ಇನ್ನೊಮ್ಮೆ ಜ್ವರ ಬಂದಾಗ ನಿನ್ನ ಅಮ್ಮ ಪ್ಲಾಂಟಿಗೆ ಐಸ್ ಕೇಳ್ಲಿಕ್ಕೆ ಕಳಿಸ್ತಿದ್ರಾ ಮಗಾ?”